ಹಾಲಿನ ಡೇರಿ ಪಕ್ಕ 150 ಪುಸ್ತಕ: ಹಳ್ಳಿಯಲ್ಲಿ ಓದುವ ಕಪಾಟು ಕಟ್ಟುವುದು ಹೇಗೆ

ಪುಸ್ತಕ ಕೊಳ್ಳುವ ಮೊದಲು ಜಾಗ ಹುಡುಕಿ. ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಹೆಂಗಸರು, ಗಂಡಸರು, ಮಕ್ಕಳು ದಿನಕ್ಕೆರಡು ಸಲ ತಪ್ಪದೆ ಬಂದು ನಿಲ್ಲುವ ಜಾಗವೆಂದರೆ ಹಾಲಿನ ಡೇರಿ. ಕ್ಯಾನು ಹಿಡಿದು ನಿಂತವರ ಕಣ್ಣಿಗೆ ಬೀಳುವಂತೆ ಅದರ ಜಗುಲಿಯಲ್ಲೋ ಪಕ್ಕದ ಮನೆಯ ಪಡಸಾಲೆಯಲ್ಲೋ ಕಪಾಟು ಇರಲಿ. ಇಂಥ ಕೆಲಸ ನಿಂತುಹೋಗುವುದು ದುಡ್ಡಿಲ್ಲದೆ ಅಲ್ಲ. ಬೀಗದ ಕೈ ಒಬ್ಬರ ಹತ್ತಿರವೇ ಇರುತ್ತದೆ, ಅವರು ಕಬ್ಬು ಕಡಿಸಲು ಹೋದ ದಿನ ಬಾಗಿಲು ತೆಗೆಯುವವರಿಲ್ಲ. ಎರಡು ಸಲ ಬಂದು ಬರಿಗೈಲಿ ಹೋದ ಮಗು ಮೂರನೇ ಸಲ ಬರುವುದಿಲ್ಲ. ಬೀಗದ ಕೈ ಮೂವರ ಹತ್ತಿರ ಇರಲಿ. ಅವರಲ್ಲಿ ಒಬ್ಬರಾದರೂ ಹೈಸ್ಕೂಲಿನ ಹುಡುಗಿಯಾಗಿರಲಿ.

ಆರಡಿ ಎತ್ತರ, ಮೂರಡಿ ಅಗಲದ, ಐದು ಹಲಗೆಯ ಕಬ್ಬಿಣದ ರ್ಯಾಕು ಸಾಕು. ವಿಶ್ವೇಶ್ವರಯ್ಯ ನಾಲೆಯ ಗದ್ದೆಬಯಲಿನ ಊರುಗಳಲ್ಲಿ ಗೋಡೆ ತೇವ ಹೀರುತ್ತದೆ, ಗೆದ್ದಲೂ ಹೆಚ್ಚು. ರ್ಯಾಕು ಗೋಡೆಯಿಂದ ನಾಲ್ಕು ಇಂಚು ದೂರ, ಕೆಳಗಿನ ಹಲಗೆ ನೆಲದಿಂದ ಆರು ಇಂಚು ಮೇಲೆ ಇರಬೇಕು. ಗೆದ್ದಲು ಮಣ್ಣಿನ ಹಾದಿ ಕಟ್ಟಿಕೊಂಡೇ ಬರುವುದರಿಂದ, ಸಂದು ಬಿಟ್ಟಿದ್ದರೆ ವಾರಕ್ಕೊಮ್ಮೆ ಬಗ್ಗಿ ನೋಡಿದಾಗ ಅದು ಕಾಣಿಸುತ್ತದೆ. ಗೋಡೆಗೆ ಒತ್ತಿ ಇಟ್ಟರೆ ಕಾಣುವುದು ಪುಸ್ತಕ ಹೋದ ಮೇಲೆಯೇ. ಮಕ್ಕಳ ಪುಸ್ತಕ ಕೆಳಗಿನ ಎರಡು ಹಲಗೆಯಲ್ಲಿ, ಮುಖಪುಟ ಎದುರಿಗೆ ಕಾಣುವಂತೆ ಇರಲಿ. ಓದು ಈಗಷ್ಟೇ ಬಂದ ಮಗುವಿಗೆ ಪುಸ್ತಕದ ಬೆನ್ನಿನ ಮೇಲಿನ ಸಣ್ಣ ಅಕ್ಷರಕ್ಕಿಂತ ಚಿತ್ರವೇ ಮೊದಲ ಕರೆ.

150ರಲ್ಲಿ 70 ಮಕ್ಕಳಿಗೆ, 50 ಕಥೆ, ಕಾದಂಬರಿ, ಜೀವನಚರಿತ್ರೆಗೆ, 30 ಬೇಸಾಯ, ದನಕರು, ಆರೋಗ್ಯ, ಕಾನೂನಿಗೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಬೇಗ ಹಳತಾಗುತ್ತವೆ, ಹತ್ತು ದಾಟದಿರಲಿ. ಇಷ್ಟನ್ನೂ ಒಂದೇ ಸಲ ಕೊಳ್ಳಬೇಡಿ. ಮೊದಲು 90 ತನ್ನಿ. ಉಳಿದ 60ನ್ನು ಆರು ತಿಂಗಳಾದ ಮೇಲೆ, ಜನ ಏನು ಕೇಳಿದರು ಎಂಬುದನ್ನು ನೋಡಿ ತನ್ನಿ. ದಾನಕ್ಕೆ ಬರುವ ಹಳೆಯ ಗೈಡು, ಪಠ್ಯಪುಸ್ತಕಗಳಿಗೆ ಕೈಮುಗಿದು ಬೇಡವೆನ್ನಿ. ಅವು ಬೇಕಾದ ಪುಸ್ತಕದ ಜಾಗವನ್ನೇ ತಿನ್ನುತ್ತವೆ.

ಕೊಳ್ಳಲು ಮೈಸೂರಿಗೆ ಹೋಗುವಾಗ ಊರಿನ ಇಬ್ಬರು ಮಕ್ಕಳನ್ನು ಕರೆದುಕೊಂಡೇ ಹೋಗಿ. ಖರ್ಚು ಹೆಚ್ಚಾದರೂ ಇದನ್ನು ಬಿಡಬೇಡಿ. ಅಂಗಡಿಯಲ್ಲಿ ಹತ್ತು ಪುಸ್ತಕ ತೆರೆದು, ಒಂಬತ್ತನ್ನು ವಾಪಸ್ ಇಟ್ಟು ಒಂದನ್ನು ಆರಿಸುವ ಮಗುವಿಗೆ ತನ್ನ ರುಚಿ ಯಾವುದೆಂದು ಗೊತ್ತಾಗುತ್ತದೆ. ಆಮೇಲೆ ಊರಲ್ಲಿ ಆ ಪುಸ್ತಕದ ಸುದ್ದಿ ಹಬ್ಬಿಸುವುದೂ ಅದೇ ಮಗು. ಅವಸರಪಡಿಸಬೇಡಿ, ಎರಡು ಗಂಟೆ ಬಿಡಿ. ಮೈಸೂರು ವಿಶ್ವವಿದ್ಯಾನಿಲಯದ ಪ್ರಕಟಣೆಯ ವಿಭಾಗವಾದ ಪ್ರಸಾರಾಂಗದ ಪುಸ್ತಕಗಳನ್ನೂ ನೋಡಿ. ರಾಜ್ಯೋತ್ಸವದ ನವೆಂಬರಿನಲ್ಲಿ ಕನ್ನಡ ಪುಸ್ತಕಗಳಿಗೆ ಸಾಮಾನ್ಯವಾಗಿ ರಿಯಾಯಿತಿ ಇರುತ್ತದೆ.

ದುಡ್ಡು ಕೊಡುವ ಮೊದಲು ಪುಟ ಎಣಿಸಿ. ಫಾರಂ ಎಂದರೆ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗಿ ಮಡಚಿದ ಪುಟಗಳ ಕಂತೆ; ಡೆಮಿ ಎಂಬ ಸಾಮಾನ್ಯ ಅಳತೆಯ ಪುಸ್ತಕದಲ್ಲಿ ಅದು ಸಾಮಾನ್ಯವಾಗಿ 16 ಪುಟ. ಬೈಂಡಿಂಗಿನಲ್ಲಿ ಒಂದು ಫಾರಂ ಬಿಟ್ಟುಹೋಗುವುದೋ ಎರಡು ಸಲ ಸೇರುವುದೋ ಆಗುತ್ತದೆ. 16, 32, 48 ಹೀಗೆ ತಿರುವಿದರೆ ಸಿಕ್ಕಿಬೀಳುತ್ತದೆ. ಹಳೆಯ ಪುಸ್ತಕವಾದರೆ ಮಧ್ಯದಲ್ಲಿ ಮೆಲ್ಲಗೆ ತೆರೆದು ಹೊಲಿಗೆ ನೋಡಿ. ಹಳದಿಯಾದರೂ ಬಾಗುವ ಕಾಗದ ಬಾಳುತ್ತದೆ. ಹಪ್ಪಳದಂತೆ ಮುರಿಯುವ ಕಾಗದ ಊರಿನ ಕಪಾಟಿಗಲ್ಲ.

ಪ್ರತಿ ಪುಸ್ತಕಕ್ಕೂ ಒಂದು ನಂಬರು ಕೊಟ್ಟು, ಹೆಸರು, ಲೇಖಕರು, ಬೆಲೆ, ತಂದ ದಿನ ಬರೆಯಿರಿ. ಮೊಹರು ಶೀರ್ಷಿಕೆಯ ಪುಟಕ್ಕೊಂದು, 25ನೇ ಪುಟಕ್ಕೊಂದು ಬೀಳಲಿ. ಮೊದಲ ಪುಟ ಹರಿದುಹೋದರೂ ಅದು ಯಾವ ಊರಿನದೆಂದು ಗೊತ್ತಾಗುತ್ತದೆ. ಸಾಲ ಕೊಡುವುದು 14 ದಿನಕ್ಕೆ. ದಂಡ ಬೇಡವೇ ಬೇಡ: ಐದು ರೂಪಾಯಿಗೆ ಹೆದರಿದ ಮಗು ಪುಸ್ತಕವನ್ನೂ ತರುವುದಿಲ್ಲ, ತಾನೂ ಬರುವುದಿಲ್ಲ.

ಹರಿದ ಹಾಳೆಗೆ ಸೆಲ್ಲೋ ಟೇಪು ಹಚ್ಚಬೇಡಿ. ಕೆಲವೇ ವರ್ಷಕ್ಕೆ ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಅಕ್ಷರವನ್ನೇ ಮುಚ್ಚುತ್ತದೆ. ಬದಲಿಗೆ ಮೈದಾ ಅಂಟು ಮಾಡಿಕೊಳ್ಳಿ: ಒಂದು ಅಳತೆ ಮೈದಾವನ್ನು ಐದು ಅಳತೆ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಗಂಜಿಯಾಗುವವರೆಗೆ ಬೇಯಿಸಿ, ಆರಿಸಿ. ತೆಳು ಕಾಗದದ ಪಟ್ಟಿಗೆ ತೆಳ್ಳಗೆ ಸವರಿ ಹಚ್ಚಿ, ಮೇಲೂ ಕೆಳಗೂ ಪ್ಲಾಸ್ಟಿಕ್ ಹಾಳೆ ಇಟ್ಟು, ರಾತ್ರಿಯಿಡೀ ಭಾರ ಹೇರಿ. ಅಂಟು ಹೆಚ್ಚಾದರೆ ಹಾಳೆ ಸುಕ್ಕಾಗುತ್ತದೆ, ಹುಳುವನ್ನೂ ಕರೆಯುತ್ತದೆ. ಬೈಂಡಿಂಗಿನವರು ಹುಳು ಬಾರದಿರಲೆಂದು ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಬೆರಳು ನೆಕ್ಕಿ ಪುಟ ತಿರುವುವ ಮಕ್ಕಳಿರುವ ಕಡೆ ಅದು ಬೇಡ. ಅಂಟನ್ನು ಎರಡು ದಿನಕ್ಕಾಗುವಷ್ಟೇ ಮಾಡಿಕೊಳ್ಳಿ.

ಬಿಡುವಾದಾಗ ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯ ಪುಸ್ತಕ ಮನೆಗೆ ಮಕ್ಕಳೊಂದಿಗೆ ಹೋಗಿ ಬನ್ನಿ. ಬಸ್ ಕಂಡಕ್ಟರಾಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಲಕ್ಷಗಟ್ಟಲೆ ಪುಸ್ತಕ ಕೂಡಿಸಿ ಊರಿಗೆ ತೆರೆದಿಟ್ಟ ಜಾಗ ಅದು. ಒಬ್ಬರ ಸಂಬಳದಲ್ಲಿ ಏನಾಗಬಹುದೆಂದು ಮಕ್ಕಳು ಕಣ್ಣಾರೆ ನೋಡಲಿ.

ಯಾವ ಪುಸ್ತಕ ಯಾರ ಮನೆಗೆ ಹೋಯಿತೆಂದು ಬರೆದಿಟ್ಟ ಸಾಲದ ವಹಿಯನ್ನು ಆರು ತಿಂಗಳಿಗೊಮ್ಮೆ ಬಿಚ್ಚಿ ಲೆಕ್ಕ ನೋಡಿ. ಒಂದು ಸಲವೂ ಯಾರ ಮನೆಗೂ ಹೋಗದ ಪುಸ್ತಕಗಳನ್ನು ತೆಗೆದು, ಪಟ್ಟಿ ಬರೆದುಕೊಂಡು, ಪಕ್ಕದೂರಿನ ಕಪಾಟಿನವರ ಜೊತೆ ಅದಲುಬದಲು ಮಾಡಿಕೊಳ್ಳಿ.