ಊದಿದ ಕೀಲಿಗೆ ಔಷಧ ಒಯ್ಯುವ ಲೈಪೋಸೋಮ್: ತಯಾರಿಕೆಯ ಕ್ರಮ

ರುಮಟಾಯ್ಡ್ ಸಂಧಿವಾತದಲ್ಲಿ ಕೀಲಿನ ಒಳಪೊರೆ ಉರಿಯೂತದಿಂದ ದಪ್ಪಗಾದಂತೆ ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಸೋರತೊಡಗುತ್ತವೆ. ರಕ್ತದಲ್ಲಿ ಸುತ್ತುವ ಸುಮಾರು 100 ನ್ಯಾನೋಮೀಟರ್ ಗಾತ್ರದ ಕಣಗಳು ಆ ಸಂದುಗಳಿಂದ ಹೊರಬಂದು, ಹೊರವಸ್ತುಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶಗಳನ್ನು ಸೇರುತ್ತವೆ. ಈ ಗುಣವನ್ನು ಬಳಸಿಕೊಂಡು ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧವಾದ ಪ್ರೆಡ್ನಿಸೋಲೋನ್ ಫಾಸ್ಫೇಟನ್ನು ಲೈಪೋಸೋಮಿನಲ್ಲಿ (ಲಿಪಿಡ್ ಅಂದರೆ ಕೊಬ್ಬಿನ ಪೊರೆಯ ಸೂಕ್ಷ್ಮ ಗುಳ್ಳೆಯಲ್ಲಿ) ತುಂಬುವ ವಿಧಾನವನ್ನು ಫಾರ್ಮಸಿಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಇಲ್ಲಿ ವಿವರಿಸಲಾಗಿದೆ. ಇದು ಪ್ರಾಣಿಪ್ರಯೋಗಕ್ಕೆ ಮಾತ್ರ, ರೋಗಿಗಳಿಗೆ ಕೊಡುವಂಥದ್ದಲ್ಲ.

ಡಿಪಿಪಿಸಿ ಎಂಬ ಫಾಸ್ಫೋಲಿಪಿಡ್, ಕೊಲೆಸ್ಟರಾಲ್ ಮತ್ತು ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಜೋಡಿಸಿದ ಡಿಎಸ್‌ಪಿಇ ಲಿಪಿಡ್‌ಗಳನ್ನು 1.85:1:0.15 ಮೋಲಾರ್ ಅನುಪಾತದಲ್ಲಿ ಕ್ಲೋರೋಫಾರ್ಮ್-ಮೆಥನಾಲ್ ಮಿಶ್ರಣದಲ್ಲಿ ಕರಗಿಸಿ, ಗುಂಡುತಳದ ಫ್ಲಾಸ್ಕಿಗೆ ಹಾಕಿ, ರೋಟರಿ ಇವ್ಯಾಪೊರೇಟರಿನಲ್ಲಿ ದ್ರಾವಕವನ್ನು ನಿಧಾನವಾಗಿ ಆವಿಯಾಗಿಸಬೇಕು. ಉಳಿಯುವ ಲಿಪಿಡ್ ಪದರ ಗಾಜಿನ ಮೇಲೆ ತೆಳುವಾಗಿ, ಸಮನಾಗಿ ಹರಡಿರಬೇಕು. ಬುಡದಲ್ಲಿ ಒಂದೇ ಕಡೆ ಗಟ್ಟಿಯಾಗಿ ಕುಳಿತರೆ ಮುಂದೆ ನೀರಿನಲ್ಲಿ ಚಕ್ಕೆಚಕ್ಕೆಯಾಗಿ ಏಳುತ್ತದೆ. ಉಳಿದ ದ್ರಾವಕ ಹೋಗಲು ರಾತ್ರಿಯಿಡೀ ನಿರ್ವಾತದಲ್ಲಿಡಿ.

ಡಿಪಿಪಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಡಿಲಗೊಳ್ಳುವುದರಿಂದ ಔಷಧದ ಸಾಂದ್ರ ದ್ರಾವಣವನ್ನು 50 ಡಿಗ್ರಿಗೆ ಬಿಸಿಮಾಡಿ ಪದರಕ್ಕೆ ಸೇರಿಸಬೇಕು. ಆ ಮಿಶ್ರಣವನ್ನು ಅದೇ ಉಷ್ಣತೆಯಲ್ಲಿ ಮೊದಲು 200, ಬಳಿಕ 100 ನ್ಯಾನೋಮೀಟರ್ ರಂಧ್ರದ ಪಾಲಿಕಾರ್ಬೊನೇಟ್ ಪೊರೆಗಳ ಮೂಲಕ ಹಲವು ಬಾರಿ ಹಾಯಿಸಿ.

ಹೆಚ್ಚು ಗಮನ ಬೇಡುವುದು ಮುಂದಿನ ಹಂತ. ಈ ವಿಧಾನದಲ್ಲಿ ಔಷಧದ ಬಹುಪಾಲು ಕಣಗಳ ಹೊರಗೇ ಉಳಿಯುತ್ತದೆ. ಅದನ್ನು ತೆಗೆಯದೆ ಇಲಿಗೆ ಚುಚ್ಚಿದರೆ ಊತ ಇಳಿದದ್ದು ಲೈಪೋಸೋಮಿನಿಂದಲೋ ಬಿಡಿ ಔಷಧದಿಂದಲೋ ಎಂದು ಹೇಳಲು ಬಾರದು. ಹಾಗಾಗಿ ಡಯಾಲಿಸಿಸ್ ಚೀಲದಲ್ಲಿಟ್ಟು, ಹೊರಗಿನ ಬಫರಿನಲ್ಲಿ ಔಷಧದ ಎಚ್‌ಪಿಎಲ್‌ಸಿ (ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಶಿಖರ ಕಾಣದಂತಾಗುವವರೆಗೆ ಬಫರನ್ನು ಬದಲಿಸುತ್ತಿರಬೇಕು. ನಂತರ ಸ್ವಲ್ಪ ಮಾದರಿಯನ್ನು ಮೆಥನಾಲಿನಲ್ಲಿ ಒಡೆದು ಒಳಗಿರುವ ಔಷಧವನ್ನು ಅಳೆಯಿರಿ. ಬೆಳಕಿನ ಚದುರುವಿಕೆಯಿಂದ ಗಾತ್ರ ನೋಡುವಾಗ ಸರಾಸರಿಯೊಂದನ್ನೇ ನಂಬಬೇಡಿ. ಕಣಗಳ ಗಾತ್ರ ಎಷ್ಟು ಅಸಮವಾಗಿದೆ ಎಂದು ತೋರಿಸುವ ಪಾಲಿಡಿಸ್ಪರ್ಸಿಟಿ ಸೂಚ್ಯಂಕ 0.2ಕ್ಕಿಂತ ಕಡಿಮೆ ಇರಲಿ.

ಪ್ರಾಣಿ ನೈತಿಕತಾ ಸಮಿತಿಯ ಅನುಮತಿ ಪಡೆದ ಮೇಲೆ, ಸಂಧಿವಾತ ಬರಿಸಿದ ಇಲಿಗಳಲ್ಲಿ ಲವಣಜಲ, ಖಾಲಿ ಲೈಪೋಸೋಮ್, ಅಷ್ಟೇ ಪ್ರಮಾಣದ ಬಿಡಿ ಔಷಧ ಮತ್ತು ತುಂಬಿದ ಲೈಪೋಸೋಮ್ ಎಂಬ ನಾಲ್ಕು ಗುಂಪುಗಳಾದರೂ ಇರಬೇಕು. ಪಾದದ ದಪ್ಪವನ್ನು ಅಳೆದು ಸುಮ್ಮನಾಗುವವರೇ ಹೆಚ್ಚು. ಈ ಕಣಗಳ ದೊಡ್ಡ ಪಾಲು ಯಕೃತ್ತು ಮತ್ತು ಗುಲ್ಮದಲ್ಲಿ ಸಿಕ್ಕಿಬೀಳುವುದರಿಂದ ಆ ಅಂಗಗಳಲ್ಲಿನ ಔಷಧವನ್ನೂ ಅಳೆಯುವುದು ಅಗತ್ಯ.

ಉಳಿದದ್ದನ್ನು 4 ಡಿಗ್ರಿಯಲ್ಲಿಡಿ, ಹೆಪ್ಪುಗಟ್ಟಲು ಬಿಡಬೇಡಿ: ಮಂಜಿನ ಹರಳುಗಳು ಪೊರೆಯನ್ನು ಸೀಳಿ ಔಷಧವನ್ನು ಹೊರಚೆಲ್ಲುತ್ತವೆ. ಶೀತಲಪೆಟ್ಟಿಗೆಯಿಂದ ತೆಗೆದಾಗಲೆಲ್ಲ, ಚುಚ್ಚುವ ಮೊದಲು, ಸೋರಿದ ಔಷಧವನ್ನು ಮತ್ತೆ ಅಳೆಯಬೇಕು.