ಸಿಂಕ್ ಕೆಳಗೆ ಹಿತ್ತಾಳೆಯೋ, ಪ್ಲಾಸ್ಟಿಕ್ಕೋ?

ಅನ್ನ ಬಸಿದ ಬಿಸಿ ಗಂಜಿಯನ್ನು ಸೀದಾ ಸಿಂಕಿಗೆ ಸುರಿಯುವ ಅಭ್ಯಾಸ ನಮ್ಮ ಮನೆಯಲ್ಲೂ ಇತ್ತು. ಎರಡೇ ವರ್ಷಕ್ಕೆ ಕೆಳಗಿನ ಸುಕ್ಕುಸುಕ್ಕಾದ ಬಿಳಿ ಪೈಪು ಜೋತುಬಿತ್ತು. ಬಿಚ್ಚಿ ನೋಡಿದರೆ ಒಂದೊಂದು ಸುಕ್ಕಿನೊಳಗೂ ಕಾಫಿ ಚರಟ, ಸಾಸಿವೆ, ಮೇಲೆ ಮೇಣದ ಹಾಗೆ ಕಟ್ಟಿಕೊಂಡ ಜಿಡ್ಡು. ಈ ಸುಕ್ಕಿನ ಪೈಪನ್ನು ಮಾತ್ರ ಮತ್ತೆ ತರಬೇಡಿ. ಒಳಗೆ ನುಣುಪಾಗಿರುವ ಗಟ್ಟಿ ಪೈಪೇ ಬೇಕು.

ಮೊದಲು ಅಳತೆ ನೋಡಿಕೊಳ್ಳಿ. ಅಡುಗೆಮನೆ ಸಿಂಕಿಗೆ ಸಾಮಾನ್ಯವಾಗಿ 40 ಮಿ.ಮೀ., ಕೈತೊಳೆಯುವ ಬೇಸಿನ್ನಿಗೆ 32 ಮಿ.ಮೀ. ಅನುಮಾನವಿದ್ದರೆ ಹಳೆಯ ನಟ್ಟನ್ನೇ ಅಂಗಡಿಗೆ ಒಯ್ಯಿರಿ.

ಆಮೇಲೆ, ಆ ಪೈಪಿನಲ್ಲಿ ಏನೇನು ಹೋಗುತ್ತದೆ ಅಂತ ಯೋಚಿಸಿ. ಬೇಸಿನ್ನಿನಲ್ಲಿ ಹೋಗುವುದು ಸೋಪಿನ ನೀರು, ಪೈಪೂ ಕಣ್ಣಿಗೆ ಕಾಣುತ್ತದೆ. ಅಲ್ಲಿಗೆ ಕ್ರೋಮ್ ಲೇಪದ ಹಿತ್ತಾಳೆಯ ಬಾಟಲ್ ಟ್ರ್ಯಾಪ್ (ತಳದಲ್ಲಿ ಸ್ವಲ್ಪ ನೀರು ನಿಲ್ಲುವ, ಬಾಟಲಿಯಂಥ ಭಾಗ) ಚೆನ್ನ. ಕೊಳ್ಳುವಾಗ ಒಂದು ಸಣ್ಣ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ಹಿತ್ತಾಳೆಯಲ್ಲ.

ಅಡುಗೆಮನೆಗೆ ನಾನು ಪ್ಲಾಸ್ಟಿಕ್ಕೇ ಸರಿ ಅನ್ನುತ್ತೇನೆ. ಬಾಟಲ್ ಟ್ರ್ಯಾಪಿನ ತಳದಲ್ಲಿ ಅನ್ನದ ಅಗುಳು ಕೂತು ಕೊಳೆಯುತ್ತದೆ. ಲೋಹದ ನಟ್ಟು ಕೆಲವು ವರ್ಷಕ್ಕೆ ಹಿಡಿದುಕೊಂಡರೆ ಪಾನಾ ಹಾಕಿದರೂ ಜಗ್ಗುವುದಿಲ್ಲ. ಬ್ಲಾಕ್ ತೆಗೆಯಲು ಆ್ಯಸಿಡ್ ಸುರಿದರೆ ಕ್ರೋಮ್ ಎದ್ದು ಹಿತ್ತಾಳೆ ಸವೆಯುತ್ತದೆ. ಪ್ಲಾಸ್ಟಿಕ್ ಟ್ರ್ಯಾಪನ್ನಾದರೆ ಕೈಯಲ್ಲೇ ಬಿಚ್ಚಿ, ತೊಳೆದು, ಮತ್ತೆ ಹಾಕಬಹುದು. ಅಡುಗೆಮನೆಯಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಬೇಕಾ?

ಆದರೆ ಪ್ಲಾಸ್ಟಿಕ್ಕೆಲ್ಲ ಒಂದೇ ಅಲ್ಲ. ಪಿವಿಸಿ ಸುಮಾರು 80 ಡಿಗ್ರಿಗೆ ಮೆತ್ತಗಾಗುತ್ತದೆ. ಪಾಲಿಪ್ರೊಪಿಲೀನ್ ಕುದಿವ ನೀರನ್ನೂ ತಾಳಿಕೊಳ್ಳುತ್ತದೆ. ಮೈಮೇಲಿನ ತ್ರಿಕೋನ ಗುರುತಿನೊಳಗೆ 5 ಅಂತಿದ್ದರೆ ಪಾಲಿಪ್ರೊಪಿಲೀನ್, 3 ಅಂತಿದ್ದರೆ ಪಿವಿಸಿ. ಮನೆಯಲ್ಲಿ ಪಿವಿಸಿಯೇ ಇದ್ದರೆ, ಗಂಜಿ ಸುರಿಯುವಾಗ ಜೊತೆಗೆ ತಣ್ಣೀರಿನ ನಲ್ಲಿ ಬಿಟ್ಟುಕೊಳ್ಳಿ.

ಪೈಪು ನೇರವಾಗಿ ಗೋಡೆಯೊಳಗಿನ ಲೈನಿಗೆ ಹೋಗುತ್ತಿದ್ದರೆ, ಬಾಗಿನಲ್ಲಿ ನೀರು ನಿಲ್ಲುವಂಥ ಟ್ರ್ಯಾಪ್ ಇರಲೇಬೇಕು. ಆ ಸುಮಾರು 50 ಮಿ.ಮೀ. ನೀರೇ ಚರಂಡಿ ವಾಸನೆಯನ್ನೂ ಜಿರಲೆಗಳನ್ನೂ ತಡೆಯುವುದು.

ಜೋಡಿಸುವುದು ಸುಲಭ. ಕೆಳಗೊಂದು ಬಕೆಟ್ ಇಟ್ಟು ಹಳೆಯದನ್ನು ಬಿಚ್ಚಿ. ಹಳೆಯ ವಾಷರನ್ನು ಮತ್ತೆ ಹಾಕಬೇಡಿ, ಹೊಸದನ್ನೇ ಹಾಕಿ. ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲಿ ತಿರುಗಿಸಿದಷ್ಟು ಸಾಕು. ಪಾನಾ ಹಾಕಿ ಜಾಸ್ತಿ ಬಿಗಿದರೆ ಸೀಳುತ್ತದೆ. ವಾಷರ್ ಇರುವ ಜಾಯಿಂಟಿಗೆ ಟೆಫ್ಲಾನ್ ಟೇಪ್ ಬೇಕಿಲ್ಲ.

ಕೊನೆಗೆ ಪರೀಕ್ಷೆ. ಸುಮ್ನೆ ನಲ್ಲಿ ಬಿಟ್ಟು ನೋಡಿದರೆ ಸಾಲದು. ಸಿಂಕಿಗೆ ಮುಚ್ಚಳ ಹಾಕಿ ಪೂರ್ತಿ ನೀರು ತುಂಬಿಸಿ. ಕೆಳಗೆ ಒಣ ಪೇಪರ್ ಹಾಸಿ, ಮುಚ್ಚಳ ತೆಗೆದು ಒಮ್ಮೆಲೇ ಬಿಡಿ. ಪೇಪರಿನ ಮೇಲೆ ಹನಿ ಬಿದ್ದ ಕಲೆ ಕಂಡರೆ, ಅದರ ಮೇಲಿರುವ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ, ಹೊಸ ಪೇಪರ್ ಹಾಸಿ ಇನ್ನೊಮ್ಮೆ ನೀರು ಬಿಡಿ.