ಗಂಡಸರಿಗೆ ಮೂತ್ರ ಸೋರುತ್ತಿದ್ದರೆ: ಪ್ಯಾಡು, ಚಡ್ಡಿ ಆರಿಸುವ ಬಗ್ಗೆ ಒಬ್ಬ ಟೈಲರ್ ಮಾತು

ಪ್ಯಾಡ್ ಕೊಳ್ಳುವ ಮೊದಲು ಸೋರುವುದು ಎಷ್ಟು ಅಂತ ತೂಗಿ ನೋಡಿ. ಅಡುಗೆಮನೆಯಲ್ಲಿ ಹಿಟ್ಟು ತೂಗುವ ಡಿಜಿಟಲ್ ತಕ್ಕಡಿ ಸಾಕು. ಒಣ ಪ್ಯಾಡ್ ತೂಗಿ ಬರೆದಿಡಿ. ಬಳಸಿದ ಮೇಲೆ ಅದನ್ನೇ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಂಟು ಕಟ್ಟಿ ಮತ್ತೆ ತೂಗಿ. ಕವರಿನ ತೂಕ ಕಳೆಯಿರಿ. 1 ಗ್ರಾಂ ಹೆಚ್ಚಾದರೆ ಸುಮಾರು 1 ಮಿಲಿಲೀಟರ್ ಮೂತ್ರ ಅಂತ ಲೆಕ್ಕ. ಒಣಗಿದ್ದಾಗ 30 ಗ್ರಾಂ ಇದ್ದ ಪ್ಯಾಡ್ ಈಗ 110 ಗ್ರಾಂ ತೂಗಿದರೆ 80 ಮಿಲಿಲೀಟರ್ ಸೋರಿದೆ. ಹಗಲಿನದು ಬೇರೆ, ರಾತ್ರಿಯದು ಬೇರೆ ಬರೆಯಿರಿ. ಎರಡು ಮೂರು ದಿನ ಹೀಗೆ ಮಾಡಿದರೆ ನಿಮಗೆ ಬೇಕಾದದ್ದು ಬೆರಳಗಲದ ಪ್ಯಾಡೋ ದಪ್ಪ ಡೈಪರೋ ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ನನ್ನ ಕಸುಬು ಟೈಲರಿಂಗ್. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್‌ನಲ್ಲಿ ಕ್ಯಾನ್ಸರ್ ಕಂಡಿತು, ಆಪರೇಷನ್ ಮಾಡಿಸಿ ಆ ಗ್ರಂಥಿಯನ್ನೇ ತೆಗೆಸಿಕೊಂಡೆ. ಮೂತ್ರ ಇಳಿಯಲು ಹಾಕಿದ್ದ ಕೊಳವೆ, ಅಂದರೆ ಕ್ಯಾಥೆಟರ್, ತೆಗೆದ ಮೇಲೆ ಸೋರಲು ಶುರುವಾಯಿತು. ಮೆಷಿನ್ ಮುಂದೆ ಕೂತಿದ್ದಷ್ಟು ಹೊತ್ತು ಏನೂ ಇಲ್ಲ. ಕತ್ತರಿ ತೆಗೆದುಕೊಳ್ಳಲು ಎದ್ದರೆ ಸಾಕು, ಬಂತು. ಜೀವನಪೂರ್ತಿ ಬೇರೆಯವರ ಸೊಂಟ, ಸೀಟು, ತೊಡೆ ಅಳೆದವನಿಗೆ ಒಂದು ಮಾತ್ರ ಬೇಗ ಹೊಳೆಯಿತು. ಪ್ಯಾಕೆಟ್ ಮೇಲೆ ಏನೇ ಬರೆದಿರಲಿ, ಮೈಗೆ ಸರಿಯಾಗಿ ಕೂರದಿದ್ದರೆ ಎಷ್ಟು ದಪ್ಪದ್ದಾದರೂ ಸೋರುತ್ತದೆ.

ಯಾವಾಗ ಸೋರುತ್ತದೆ, ಹೇಗೆ ಸೋರುತ್ತದೆ

ಎಲ್ಲರಿಗೂ ಒಂದೇ ಥರ ಸೋರುವುದಿಲ್ಲ. ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ, ಕುರ್ಚಿಯಿಂದ ಎದ್ದಾಗ ಚಿಮ್ಮುವುದು ಒಂದು ಬಗೆ. ಪ್ರಾಸ್ಟೇಟ್ ತೆಗೆಸಿಕೊಂಡವರಲ್ಲಿ ಇದೇ ಜಾಸ್ತಿ. ಇನ್ನೊಂದರಲ್ಲಿ ಇದ್ದಕ್ಕಿದ್ದಂತೆ ಅವಸರವಾಗುತ್ತದೆ, ಟಾಯ್ಲೆಟ್ ಬಾಗಿಲು ತಲುಪುವಷ್ಟರಲ್ಲಿ ಆಗಿಬಿಟ್ಟಿರುತ್ತದೆ. ಕೆಲವರಿಗೆ ಇವೆರಡೂ ಇರುತ್ತವೆ. ಮೂತ್ರ ಮಾಡಿ ಜಿಪ್ ಹಾಕಿದ ಮೇಲೆ ನಾಲ್ಕು ಹನಿ ಬರುವುದು ಮತ್ತೊಂದು. ಇದಕ್ಕಂತೂ ಪ್ಯಾಡೇ ಬೇಕಿಲ್ಲ. ಮೂತ್ರನಾಳದ ಬಾಗಿದ ಭಾಗದಲ್ಲಿ ಸ್ವಲ್ಪ ಮೂತ್ರ ಉಳಿದಿರುತ್ತದೆ, ಅಷ್ಟೇ. ಮೂತ್ರ ಮಾಡಿದ ಮೇಲೆ ಬೀಜದ ಚೀಲದ ಹಿಂದೆ ಎರಡು ಬೆರಳಿಟ್ಟು ಮೇಲಕ್ಕೆ ಒತ್ತಿ, ಹಾಗೇ ಮುಂದಕ್ಕೆ ಸವರಿ. ಉಳಿದದ್ದು ಬಂದುಬಿಡುತ್ತದೆ.

ಒಂದು ಬಗೆಯಲ್ಲಿ ಮಾತ್ರ ಪ್ಯಾಡ್ ಹಾಕಿಕೊಂಡು ಸುಮ್ನೆ ಕೂರಬಾರದು. ಧಾರೆ ಸಣ್ಣದಾಗಿದೆ, ತಿಣುಕಬೇಕು, ಮೂತ್ರ ಪೂರ್ತಿ ಹೋದ ಹಾಗೆ ಅನಿಸುವುದಿಲ್ಲ, ಹೊಟ್ಟೆಯ ಕೆಳಗೆ ಬಿಗಿ, ಆದರೂ ಹನಿಹನಿಯಾಗಿ ಸೋರುತ್ತಲೇ ಇರುತ್ತದೆ ಅಂದರೆ ಮೂತ್ರಕೋಶ ತುಂಬಿ ಚೆಲ್ಲುತ್ತಿದೆ ಅಂತ ಅನುಮಾನ ಪಡಬೇಕು. ಪ್ರಾಸ್ಟೇಟ್ ಊದಿಕೊಂಡಿರುವವರಲ್ಲಿ ಹೀಗಾಗುವುದುಂಟು. ಬಿಟ್ಟರೆ ಕಿಡ್ನಿಗೆ ತೊಂದರೆ. ಮೂತ್ರದಲ್ಲಿ ರಕ್ತ, ಉರಿ, ಜ್ವರ ಇದ್ದರೂ ಡಾಕ್ಟರಿಗೆ ತೋರಿಸಿ. ಮೂತ್ರ ಪೂರ್ತಿ ಕಟ್ಟಿಹೋದರೆ, ಅಥವಾ ಸೋರುವುದರ ಜೊತೆಗೆ ಕಾಲಿನ ಶಕ್ತಿ ಕುಗ್ಗಿ, ತೊಡೆಸಂದು ಗುದದ ಸುತ್ತ ಮರಗಟ್ಟಿದರೆ ಅದು ಎಮರ್ಜೆನ್ಸಿ. ಬೆಳಗಾಗಲಿ ಅಂತ ಕಾಯಬೇಡಿ.

ಪ್ಯಾಕೆಟ್ ಮೇಲಿನ ಅಂಕಿ

ಇಷ್ಟು ಮಿಲಿಲೀಟರ್ ಹಿಡಿಯುತ್ತದೆ ಅಂತ ಕೆಲವು ಪ್ಯಾಕೆಟ್ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಅದು ಸಾಮಾನ್ಯವಾಗಿ ಲ್ಯಾಬಿನಲ್ಲಿ ಇಡೀ ಪ್ಯಾಡನ್ನು ದ್ರವದಲ್ಲಿ ಮುಳುಗಿಸಿ ಅಳೆದ ಲೆಕ್ಕ. ನೀವೇನು ಪ್ಯಾಡ್ ಹಾಕಿಕೊಂಡು ಬಕೆಟ್ಟಿನಲ್ಲಿ ಕೂರುತ್ತೀರಾ? ನಮ್ಮ ಮೂತ್ರ ಒಂದೇ ಜಾಗಕ್ಕೆ ಬೀಳುತ್ತದೆ. ಆ ಜಾಗ ತುಂಬಿದರೆ ಅಂಚಿನಿಂದ ಹೊರಗೆ, ಹಿಂಭಾಗ ಒಣಗಿಯೇ ಇರುತ್ತದೆ. ಆ ಅಂಕಿಯ ಅರ್ಧದಷ್ಟೂ ಮೈಮೇಲೆ ಸಿಗುವುದಿಲ್ಲ ಅಂದುಕೊಂಡೇ ಕೊಳ್ಳಿ.

ವೇಗದ ಮಾತೂ ಇದೆ. ಪ್ಯಾಡಿನ ಹೊಟ್ಟೆಯಲ್ಲಿ ಹತ್ತಿಯಂಥ ನಾರು, ಅದರ ನಡುವೆ ಸಕ್ಕರೆಯಂಥ ಹರಳು ಇರುತ್ತವೆ. ಸೋಡಿಯಂ ಪಾಲಿಅಕ್ರಿಲೇಟ್ ಅಂತ ಅದರ ಹೆಸರು. ದ್ರವ ತಾಕಿದರೆ ಉಬ್ಬಿ ಜೆಲ್ ಆಗುತ್ತದೆ, ಆದರೆ ಅದಕ್ಕೆ ಸ್ವಲ್ಪ ಹೊತ್ತು ಬೇಕು. ಹನಿಹನಿಯಾಗಿ ಬಂದರೆ ಸಣ್ಣ ಪ್ಯಾಡೂ ಆರಾಮಾಗಿ ಹಿಡಿಯುತ್ತದೆ. ಅಷ್ಟೇ ಮೂತ್ರ ಒಂದೇ ಸಲ ನುಗ್ಗಿದರೆ ಹರಳು ಕಣ್ಣು ಬಿಡುವಷ್ಟರಲ್ಲಿ ತೊಡೆ ಒದ್ದೆ. ಹಾಗಾಗಿ ಅವಸರದಲ್ಲಿ ಒಮ್ಮೆಲೇ ಹೋಗುವವರು ಒಟ್ಟು ತೂಕ ಕಡಿಮೆ ಬಂದರೂ ಸ್ವಲ್ಪ ದೊಡ್ಡದನ್ನೇ ತೆಗೆದುಕೊಳ್ಳಬೇಕು.

ಹೊಸ ಬ್ರಾಂಡ್ ಆದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಬರೀ ನೀರು ಬೇಡ. ಮೂತ್ರದಲ್ಲಿ ಉಪ್ಪಿನಂಶ ಇರುವುದರಿಂದ ಆ ಹರಳು ನೀರನ್ನು ಹೀರುವಷ್ಟು ಮೂತ್ರ ಹೀರುವುದಿಲ್ಲ. 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು ಕರಗಿಸಿ. ಅದರಲ್ಲಿ 50 ಮಿಲಿಲೀಟರ್ ಅಳೆದು, ಪ್ಯಾಡಿನ ಮುಂಭಾಗಕ್ಕೆ ಒಂದೇ ಸಲ ಸುರಿಯಿರಿ. ಒಂದು ನಿಮಿಷ ಬಿಟ್ಟು ಮೇಲೆ ಟಿಶ್ಯೂ ಇಟ್ಟು ಅಂಗೈಯಿಂದ ಒತ್ತಿ. ಟಿಶ್ಯೂ ತೊಪ್ಪೆಯಾದರೆ ನಿಮ್ಮ ಚರ್ಮವೂ ಹಾಗೇ ಇರುತ್ತದೆ ಅಂತ ತಿಳಿಯಿರಿ. ಒಂದೊಂದೇ ಸಣ್ಣ ಪ್ಯಾಕೆಟ್ ತಂದು ನೋಡಿ, ಮೊದಲೇ ದೊಡ್ಡ ಮೂಟೆ ತರಬೇಡಿ.

ಯಾರಿಗೆ ಯಾವುದು

ಹನಿಯಿಂದ ಹಿಡಿದು ಮಧ್ಯಮ ಮಟ್ಟದವರೆಗೆ ಸೋರುವವರಿಗೆ ಗಂಡಸರಿಗೆಂದೇ ಮಾಡಿದ ಗಾರ್ಡ್ ಒಳ್ಳೆಯದು. ಮುಂದೆ ಅಗಲ, ಹಿಂದೆ ಚೂಪು, ಬಟ್ಟಲಿನ ಹಾಗೆ ಬಾಗಿರುತ್ತದೆ. ಚಡ್ಡಿಗೆ ತಾಗುವ ಹೊರಮೈಯಲ್ಲಿ ಅಂಟು ಪಟ್ಟಿ ಇರುತ್ತದೆ. ಸ್ಯಾನಿಟರಿ ಪ್ಯಾಡ್ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಲದು. ಅದು ನಿಧಾನವಾಗಿ ಬರುವ ರಕ್ತಕ್ಕೆ ಮಾಡಿದ್ದು. ಜೊತೆಗೆ ಅದರ ಹೀರುವ ಜಾಗ ನಡುವೆ ಇರುತ್ತದೆ, ನಮಗೆ ಬೇಕಾದದ್ದು ಮುಂದೆ.

ಗಾರ್ಡ್ ಕೆಲಸ ಮಾಡುವುದು ಅದರ ಹೊರಗಿನ ಚಡ್ಡಿ ಬಿಗಿಯಾಗಿದ್ದರೆ ಮಾತ್ರ. ಸಡಿಲ ಬಾಕ್ಸರ್ ಒಳಗೆ ಅಂಟಿಸಿದರೆ ಅದು ಜೋತುಬೀಳುತ್ತದೆ, ಮೈಗೂ ಅದಕ್ಕೂ ನಡುವೆ ಗಾಳಿ ಆಡುತ್ತದೆ, ಮೂತ್ರಕ್ಕೂ ದಾರಿಯಾಗುತ್ತದೆ. ತೊಡೆಸಂದಿಗೆ ಒತ್ತಿ ಕೂರುವ ಬ್ರೀಫ್ ಬೇಕು. ಹಳೆಯ ಬ್ರೀಫಿನ ಎಲಾಸ್ಟಿಕ್ ಎಳೆದು ಬಿಡಿ. ಪಟ್ ಅಂತ ವಾಪಸ್ ಬರದೆ ಸುಕ್ಕುಗಟ್ಟಿ ನಿಂತರೆ ಅದನ್ನು ಒರೆಸುವ ಬಟ್ಟೆ ಮಾಡಿಕೊಳ್ಳಿ.

ಒಗೆದು ಹಾಕುವ, ಒಳಗೇ ಹೀರುವ ಪದರ ಹೊಲಿದ ಚಡ್ಡಿಗಳೂ ಸಿಗುತ್ತವೆ. ನೋಡಲು ಮಾಮೂಲಿ ಚಡ್ಡಿಯೇ. ಸಣ್ಣ ಸೋರಿಕೆಗೆ ನನಗೆ ಇವೇ ಇಷ್ಟ. ಹೊಲಿಗೆ ನೋಡಿ ಕೊಳ್ಳಿ. ಹೀರುವ ಪದರ ಮುಂದೆ ಸೊಂಟಪಟ್ಟಿಯ ಹತ್ತಿರದವರೆಗೂ ಹೋಗಿರಬೇಕು, ಅಂಚಿನ ಹೊಲಿಗೆ ಚರ್ಮಕ್ಕೆ ಒತ್ತಬಾರದು. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ಅದು ನಾರಿಗೆ ಮೆತ್ತಿಕೊಂಡು ಹೀರುವ ಗುಣವನ್ನೇ ಕಡಿಮೆ ಮಾಡುತ್ತದೆ. ಪದರ ದಪ್ಪ ಇರುವುದರಿಂದ ಒಣಗಲು ತಡವಾಗುತ್ತದೆ. ಅದಕ್ಕೇ ಒಂದೆರಡರಲ್ಲಿ ಮುಗಿಯುವುದಿಲ್ಲ.

ಜಾಸ್ತಿ ಸೋರುವವರಿಗೆ, ರಾತ್ರಿಗೆ, ದೂರದ ಪ್ರಯಾಣಕ್ಕೆ ಪುಲ್‌ಅಪ್. ಚಡ್ಡಿಯ ಹಾಗೆ ಏರಿಸಬಹುದು, ತೆಗೆಯುವಾಗ ಪಕ್ಕದ ಹೊಲಿಗೆ ಹರಿದು ತೆಗೆಯಬಹುದು. ಆದರೆ ಹೊಸದನ್ನು ಹಾಕಲು ಪ್ಯಾಂಟು ಪೂರ್ತಿ ಕಳಚಬೇಕು. ಇಕ್ಕಟ್ಟಿನ ಟಾಯ್ಲೆಟ್ಟಿನಲ್ಲಿ ಒಂದು ಸಲ ಮಾಡಿ ನೋಡಿದರೆ ಇದರ ಕಷ್ಟ ತಿಳಿಯುತ್ತದೆ. ಪಕ್ಕದಲ್ಲಿ ಟೇಪ್ ಇರುವ ಡೈಪರಿಗೆ ಆ ತೊಂದರೆ ಇಲ್ಲ, ಹಾಸಿಗೆ ಹಿಡಿದವರಿಗೂ ಅದೇ ಸುಲಭ.

ಎರಡು ಪ್ಯಾಡ್ ಒಂದರ ಮೇಲೊಂದು ಇಟ್ಟರೆ ಎರಡರಷ್ಟು ಹಿಡಿಯುವುದಿಲ್ಲ. ಮೇಲಿನದರ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಕೆಳಗಿನದಕ್ಕೆ ಒಂದು ಹನಿಯೂ ಇಳಿಯುವುದಿಲ್ಲ, ಅಂಚಿನಿಂದ ಹೊರಗೆ ಹರಿಯುತ್ತದೆ. ಒಳಗೆ ಇಡಲೆಂದೇ ಬೂಸ್ಟರ್ ಪ್ಯಾಡ್ ಅಂತ ಬರುತ್ತದೆ, ಅದಕ್ಕೆ ಪ್ಲಾಸ್ಟಿಕ್ ತಳ ಇರುವುದಿಲ್ಲ.

ಕಾಂಡೋಮಿನ ಹಾಗೆ ಹಾಕಿಕೊಂಡು ಕಾಲಿಗೆ ಕಟ್ಟಿದ ಚೀಲಕ್ಕೆ ಮೂತ್ರ ಇಳಿಸುವ ಕ್ಯಾಥೆಟರ್ ಇದೆ, ಶಿಶ್ನಕ್ಕೆ ಹಾಕುವ ಕ್ಲಾಂಪ್ ಇದೆ. ಇವನ್ನು ಡಾಕ್ಟರ್ ಅಥವಾ ನರ್ಸ್ ಅಳತೆ ನೋಡಿ ಹೇಳಿಕೊಟ್ಟ ಮೇಲೆಯೇ ಬಳಸಬೇಕು. ಬಿಗಿಯಾದರೆ ಗಾಯವಾಗುತ್ತದೆ.

ಅಳತೆ

ಟೇಪ್ ಹಿಡಿದು ಹೊಕ್ಕಳ ಮಟ್ಟದಲ್ಲಿ ಸೊಂಟ ಅಳೆಯಿರಿ. ಆಮೇಲೆ ಸೀಟು, ಅಂದರೆ ಪೃಷ್ಠದ ಅತಿ ದಪ್ಪ ಭಾಗ. ಎರಡರಲ್ಲಿ ದೊಡ್ಡದು ಯಾವುದೋ ಅದನ್ನು ಪ್ಯಾಕೆಟ್ಟಿನ ಅಳತೆ ಪಟ್ಟಿಗೆ ಹೋಲಿಸಿ. ಪ್ಯಾಂಟಿನ ನಂಬರ್ ನಂಬಬೇಡಿ. ಹೊಟ್ಟೆ ಇರುವವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟಿಕೊಂಡು ಅದನ್ನೇ ತಮ್ಮ ಸೈಜ್ ಅನ್ನುತ್ತಾರೆ. ನನ್ನ ಗಿರಾಕಿಗಳಲ್ಲಿ ಇಂಥವರೇ ಹೆಚ್ಚು.

ದೊಡ್ಡ ಸೈಜ್ ತೆಗೆದುಕೊಂಡರೆ ಜಾಸ್ತಿ ಹೀರುತ್ತದೆ ಅನ್ನುವ ನಂಬಿಕೆ ಬಿಡಿ. ದೊಡ್ಡದಾದರೆ ತೊಡೆಯ ಹತ್ತಿರ ಕಿಂಡಿ ಬೀಳುತ್ತದೆ. ಹಾಕಿಕೊಂಡ ಮೇಲೆ ಕಾಲಿನ ಎಲಾಸ್ಟಿಕ್ ಒಳಗೆ ಒಂದು ಬೆರಳು ಸುತ್ತಾಡಿಸಿ. ಬೆರಳು ಹೋಗಬೇಕು, ಆದರೆ ಬೆಳಕು ಕಾಣಬಾರದು. ಒಳಗಡೆ ಎರಡೂ ಪಕ್ಕದಲ್ಲಿ ತೆಳ್ಳನೆಯ ತಡೆಗೋಡೆಯಂಥ ಅಂಚು ಇರುತ್ತದೆ. ಅದು ಮಡಚಿಕೊಂಡಿದ್ದರೆ ಬಿಡಿಸಿ ನಿಲ್ಲಿಸಿ. ಟೇಪ್ ಡೈಪರ್ ಆದರೆ ಹಾಕುವ ಮೊದಲು ಉದ್ದಕ್ಕೆ ಮಡಚಿ ಒಮ್ಮೆ ಎಳೆದರೆ ಆ ಅಂಚು ತಾನೇ ಎದ್ದು ನಿಲ್ಲುತ್ತದೆ. ಆಮೇಲೆ ಕೂರಿ, ಏಳಿ, ಬಗ್ಗಿ, ಕುಕ್ಕರುಗಾಲಿನಲ್ಲಿ ಕೂತು ನೋಡಿ. ನಿಂತಾಗ ಸರಿಯಾಗಿದ್ದದ್ದು ಕೂತಾಗ ಬಾಯಿ ಬಿಡುವುದುಂಟು.

ಇನ್ನೊಂದು ಸಣ್ಣ ವಿಷಯ, ಆದರೆ ರಾತ್ರಿ ಹಾಸಿಗೆ ಒದ್ದೆಯಾಗುವುದು ಎಷ್ಟೋ ಸಲ ಇದರಿಂದಲೇ. ಶಿಶ್ನ ಕೆಳಮುಖವಾಗಿ ಪ್ಯಾಡಿನ ಒಳಗೆ ಇರಬೇಕು. ಮೇಲ್ಮುಖ ಇದ್ದರೆ ಸೊಂಟಪಟ್ಟಿಯಿಂದ, ಪಕ್ಕಕ್ಕೆ ತಿರುಗಿದ್ದರೆ ಆ ಕಡೆಯಿಂದ ಹೊರಗೆ ಹೋಗುತ್ತದೆ. ಮಗ್ಗುಲಾಗಿ ಮಲಗುವವರು ಮೈಗೆ ಒತ್ತಿ ಕೂರುವಂಥದ್ದನ್ನೇ ಹಾಕಿಕೊಳ್ಳಬೇಕು. ಹಾಸಿಗೆಯ ಮೇಲೊಂದು ಅಂಡರ್‌ಪ್ಯಾಡ್, ಕೈಗೆಟುಕುವಂತೆ ಒಂದು ಯೂರಿನಲ್ ಬಾಟಲಿ ಇದ್ದರೆ ಕತ್ತಲಲ್ಲಿ ಓಡಿ ಬೀಳುವುದು ತಪ್ಪುತ್ತದೆ.

ಚರ್ಮ, ವಾಸನೆ

ಒದ್ದೆ ಪ್ಯಾಡನ್ನು ಗಂಟೆಗಟ್ಟಲೆ ಬಿಡಬೇಡಿ. ಬದಲಿಸಿದಾಗ ಸೌಮ್ಯ ಸೋಪು ನೀರಿನಿಂದ ತೊಳೆದು, ಉಜ್ಜದೆ, ಒತ್ತಿ ಒರೆಸಿ. ಆಮೇಲೆ ಝಿಂಕ್ ಆಕ್ಸೈಡ್ ಅಥವಾ ಡೈಮೆಥಿಕೋನ್ ಇರುವ ಬ್ಯಾರಿಯರ್ ಕ್ರೀಮ್ ತೆಳ್ಳಗೆ ಸವರಿ. ದಪ್ಪಗೆ ಬಳಿದರೆ ಅದು ಪ್ಯಾಡಿನ ಮೇಲ್ಪದರಕ್ಕೆ ಮೆತ್ತಿ ಹೀರುವುದೇ ನಿಲ್ಲುತ್ತದೆ. ಪೌಡರ್ ಬೇಡ, ಒದ್ದೆಗೆ ಗಂಟುಗಟ್ಟಿ ಉಜ್ಜುತ್ತದೆ. ಸಂದಿಯಲ್ಲಿ ಕೆಂಪಾಗಿ ತುರಿಕೆ ಬಂದರೆ ಫಂಗಸ್ ಇರಬಹುದು, ತೋರಿಸಿ.

ವಾಸನೆಗೆ ಹೆದರಿ ನೀರು ಕುಡಿಯುವುದನ್ನು ನಿಲ್ಲಿಸುವವರಿದ್ದಾರೆ. ಇದರಿಂದ ಮೂತ್ರ ಗಾಢವಾಗಿ ವಾಸನೆ ಹೆಚ್ಚುತ್ತದೆ, ಮೂತ್ರಕೋಶ ಕೆರಳಿ ಅವಸರವೂ ಹೆಚ್ಚುತ್ತದೆ. ಡಾಕ್ಟರ್ ಬೇಡ ಅಂದಿಲ್ಲದಿದ್ದರೆ ದಿನಕ್ಕೆ ಒಂದೂವರೆಯಿಂದ 2 ಲೀಟರ್ ಕುಡಿಯಿರಿ. ಮಲಗುವ ಎರಡು ಮೂರು ಗಂಟೆ ಮೊದಲು ಕಡಿಮೆ ಮಾಡಿ. ಕಾಫಿ, ಟೀ, ಮದ್ಯ ಇಳಿಸಿ ನೋಡಿ. ಮಲಬದ್ಧತೆ ಇದ್ದರೆ ಅದನ್ನೂ ಸರಿಮಾಡಿಕೊಳ್ಳಿ, ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ.

ಸೋರುವುದನ್ನೇ ಕಡಿಮೆ ಮಾಡುವುದು

ಮೂತ್ರ ತಡೆಯುವ ಸ್ನಾಯುವಿಗೆ ವ್ಯಾಯಾಮ ಕೊಡಿ. ಗಾಳಿ ಬಿಡದಂತೆ ಬಿಗಿಹಿಡಿಯುತ್ತೀರಲ್ಲ, ಅದೇ ಆ ಸ್ನಾಯು. ಸರಿಯಾಗಿ ಎಳೆದರೆ ಶಿಶ್ನದ ಬುಡ ಸ್ವಲ್ಪ ಒಳಕ್ಕೆ ಹೋಗುತ್ತದೆ, ಬೀಜ ಮೇಲಕ್ಕೇರುತ್ತದೆ. 5 ಸೆಕೆಂಡ್ ಹಿಡಿದು 5 ಸೆಕೆಂಡ್ ಬಿಡಿ, ನಿಧಾನವಾಗಿ 10 ಸೆಕೆಂಡಿಗೆ ಏರಿಸಿ. ಒಂದು ಸಲಕ್ಕೆ 10, ದಿನಕ್ಕೆ 3 ಸಲ. ಉಸಿರು ಹಿಡಿಯಬೇಡಿ, ಪೃಷ್ಠ ಬಿಗಿಯಬೇಡಿ. ಕ್ಯಾಥೆಟರ್ ಇರುವಾಗ ಬೇಡ. ಇದರ ನಿಜವಾದ ಉಪಯೋಗ ಇರುವುದು ಏಳುವ ಮೊದಲು, ಕೆಮ್ಮುವ ಮೊದಲು ಒಮ್ಮೆ ಬಿಗಿಹಿಡಿಯುವುದರಲ್ಲಿ. ಈಗ ನಾನು ಕತ್ತರಿಗೆ ಕೈ ಚಾಚುವ ಮೊದಲು ಅದು ತಾನಾಗೇ ಆಗುತ್ತದೆ.

ಪ್ರಾಸ್ಟೇಟ್ ಆಪರೇಷನ್ ಆದವರಲ್ಲಿ ಬಹಳಷ್ಟು ಜನರಿಗೆ 3ರಿಂದ 12 ತಿಂಗಳಲ್ಲಿ ಸೋರುವುದು ಕಡಿಮೆಯಾಗುತ್ತಾ ಬರುತ್ತದೆ. ಆಗದಿದ್ದರೆ ಇದೇ ಹಣೆಬರಹ ಅಂತ ಕೂರಬೇಕಿಲ್ಲ. ನಾಳಕ್ಕೆ ಆಸರೆ ಕೊಡುವ ಸ್ಲಿಂಗ್ ಇದೆ, ಮೂತ್ರ ತಡೆಯುವ ಸ್ನಾಯುವಿನ ಕೆಲಸ ಮಾಡುವ ಕೃತಕ ಸ್ಫಿಂಕ್ಟರ್ ಇದೆ. ಎರಡನೆಯದರಲ್ಲಿ ನಾಳದ ಸುತ್ತ ನೀರು ತುಂಬಿದ ಪಟ್ಟಿ, ಬೀಜದ ಚೀಲದೊಳಗೆ ಒಂದು ಪುಟ್ಟ ಪಂಪ್. ಪಂಪ್ ಒತ್ತಿದರೆ ಪಟ್ಟಿ ಸಡಿಲವಾಗಿ ಮೂತ್ರ ಹೋಗುತ್ತದೆ, ಕೆಲವು ನಿಮಿಷದಲ್ಲಿ ತಾನೇ ಬಿಗಿಯಾಗುತ್ತದೆ. ಯೂರಾಲಜಿಸ್ಟ್, ಅಂದರೆ ಮೂತ್ರರೋಗ ತಜ್ಞರ ಹತ್ತಿರ ಕೇಳಿ.

ಹೊರಗೆ ಹೋಗುವಾಗ

ಚೀಲದಲ್ಲಿ ಎರಡು ಪ್ಯಾಡು, ಒಂದು ಚಡ್ಡಿ, ಒದ್ದೆ ಟಿಶ್ಯೂ, ಒಳಗಿನದು ಕಾಣದ ಎರಡು ಕವರ್ ಇರಲಿ. ಗಂಡಸರ ಟಾಯ್ಲೆಟ್ಟಿನಲ್ಲಿ ಕಸದ ಡಬ್ಬಿ ಸಿಗುವುದು ಅಪರೂಪ. ಪ್ಯಾಡನ್ನು ಕಮೋಡಿಗೆ ಹಾಕಿದರೆ ಉಬ್ಬಿ ಪೈಪ್ ಕಟ್ಟುತ್ತದೆ. ಸುತ್ತಿ, ಕವರಿಗೆ ಹಾಕಿ, ಮನೆಗೆ ತಂದು ಎಸೆಯಿರಿ.

ಬಟ್ಟೆ ಗಾಢ ಬಣ್ಣದ್ದು ಅಥವಾ ಸಣ್ಣ ಚೌಕಳಿ ಇರುವುದು ಒಳ್ಳೆಯದು. ತಿಳಿ ಬೂದು ಬಣ್ಣದಲ್ಲಿ ಒಂದೇ ಹನಿಯೂ ಎದ್ದು ಕಾಣುತ್ತದೆ. ಪ್ಯಾಂಟ್ ಹೊಲಿಸುವುದಾದರೆ ಪ್ಯಾಡ್ ಹಾಕಿಕೊಂಡೇ ಅಳತೆ ಕೊಡಿ, ಮುಂದೆ ಒಂದೊಂದು ಪ್ಲೀಟ್ ಇಡಲು ಹೇಳಿ. ದಪ್ಪ ಅದರಲ್ಲಿ ಮುಚ್ಚಿಹೋಗುತ್ತದೆ. ಕಾರಣ ಹೇಳಬೇಕಿಲ್ಲ. "ಸೀಟಲ್ಲಿ ಒಂದಿಂಚು ಸಡಿಲ ಇರಲಿ" ಅಂದರೆ ಯಾವ ಟೈಲರೂ ಯಾಕೆ ಅಂತ ಕೇಳುವುದಿಲ್ಲ.